ಹೊರಗೆ ಖಾಕಿ, ಒಳಗೆ ಕಾಲು ಇಂಚು

ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಬೆಳಗಿನ ಹೊತ್ತು ನಿಂತವರ ಬೆನ್ನು ನೋಡಿದರೆ ಸಾಕು, ಈಗ ಯಾವ ಚೀಲದ ಕಾಲ ಅಂತ ತಿಳಿಯುತ್ತದೆ. ನೈಲಾನ್ ಚೀಲಗಳ ನಡುವೆ ಖಾಕಿ, ಪಾಚಿಹಸಿರು, ಬೂದಿ ಬಣ್ಣದ ಕ್ಯಾನ್ವಾಸ್ ಚೀಲಗಳು. ಮೇಲೆ ಮುಚ್ಚಳ, ಮುಚ್ಚಳಕ್ಕೆ ಎರಡು ತೊಗಲಿನ ಪಟ್ಟಿ, ಪಟ್ಟಿಗೆ ಹಿತ್ತಾಳೆ ಬಣ್ಣದ ಬಕಲು. ಮಿಲಿಟರಿಯವರ ಹಳೆಯ ಪಿಟ್ಟೂ ಚೀಲದ ಆಕಾರ. ಕಾಲೇಜು ಶುರುವಾಗುವಾಗ ಹೊಸದಾಗಿ ಬರುವ ಇಂಥ ಚೀಲಗಳಲ್ಲಿ ಬಹಳಷ್ಟು ದೀಪಾವಳಿ ಹೊತ್ತಿಗೆ ಒಂದೇ ಹೆಗಲಿಗೆ ಬಂದಿರುತ್ತವೆ. ಇನ್ನೊಂದು ಪಟ್ಟಿ ಬುಡದಲ್ಲಿ ಕಿತ್ತಿರುತ್ತದೆ, ಇಲ್ಲವೇ ಸೇಫ್ಟಿ ಪಿನ್ನಿನ ಮೇಲೆ ನಿಂತಿರುತ್ತದೆ. "ಕ್ಯಾನ್ವಾಸ್ ಬಾಳಿಕಿ ಬರಂಗಿಲ್ಲ ಬಿಡ್ರಿ" ಅನ್ನುವ ಮಾತು ಹುಟ್ಟುವುದು ಅಲ್ಲಿಂದ. ಅದೇ ಹತ್ತಿ ಬಟ್ಟೆ ತಾಡಪತ್ರಿಯಾಗಿ ಲಾರಿಯ ಮೇಲೆ ವರ್ಷಗಟ್ಟಲೆ ಬಿಸಿಲು, ಮಳೆ, ಹಗ್ಗದ ಜಗ್ಗಾಟ ಎಲ್ಲ ತಡೆದುಕೊಳ್ಳುತ್ತದೆ. ಹಾಗಾದರೆ ಚೀಲವಾದ ಕೂಡಲೇ ಅದಕ್ಕೆ ಏನು ಬಡಿಯುತ್ತದೆ?

ಇದಕ್ಕೆ ಉತ್ತರ ಸಿಗುವುದು ಹುಬ್ಬಳ್ಳಿ ಹಳೇ ಪೇಟೆಯ ಓಣಿಯೊಳಗಿನ ತಾಡಪತ್ರಿ ಹೊಲಿಯುವ ಅಂಗಡಿಯಲ್ಲಿ. ಲಾರಿ ಹೊದಿಕೆ, ಆಟೋ ಹುಡ್, ಪೆಂಡಾಲಿನ ಬಟ್ಟೆ ಹೊಲಿಯುವ ದಪ್ಪ ಮಷಿನ್ನಿನ ಮುಂದೆ ಒಬ್ಬ ಹುಡುಗಿ ಚೀಲ ಇಡುತ್ತಾಳೆ. "ಕಾಕಾ, ಪಟ್ಟಿ ಹರದೈತ್ರಿ, ಒಂದು ಹೊಲಿಗಿ ಹಾಕಿ ಕೊಡ್ರಿ." ಆತ ಪಟ್ಟಿ ಕಿತ್ತ ಜಾಗವನ್ನು ಹೊರಗಿನಿಂದ ನೋಡುವುದೇ ಇಲ್ಲ. ಚೀಲದೊಳಗೆ ಕೈ ಹಾಕಿ, ತಳ ಹಿಡಿದು ಜಗ್ಗಿ, ಇಡೀ ಚೀಲವನ್ನು ಒಳಹೊರಗು ಮಾಡುತ್ತಾನೆ. ಪಟ್ಟಿ ಸೇರುವ ಮೇಲಂಚಿನಲ್ಲಿ ಬಟ್ಟೆಯ ಎಳೆಗಳು ಜೂಲಾಗಿ ಎದ್ದಿವೆ. ಹೊಲಿಗೆಯ ದಾರ ಒಂದು ಕಡೆಯೂ ಕಡಿದಿಲ್ಲ. ಆದರೆ ಹೊಲಿಗೆಯ ಗೆರೆಯಿಂದ ಬಟ್ಟೆಯ ಅಂಚಿಗೆ ಇರುವುದು ಬರೀ ಕಾಲು ಇಂಚು. "ಹರದಿಲ್ಲವಾ ಇದು. ಅರಬಿ ಘಟ್ಟಿ ಐತಿ, ದಾರಾನೂ ಘಟ್ಟಿ ಐತಿ. ಹೊಲಿಗಿ ಹಿಡ್ಕೊಳ್ಳಾಕ ಮಾರ್ಜಿನ್ನ ಬಿಟ್ಟಿಲ್ಲ ಅವ್ರು. ಜಗ್ಗಿದಂಗೆಲ್ಲಾ ಎಳಿ ಜಾರಿ ಹೊರಗ ಬಂದಾವು."

ಕ್ಯಾನ್ವಾಸ್ ಚೀಲದ ಬಗ್ಗೆ ತಿಳಿಯಬೇಕಾದದ್ದರಲ್ಲಿ ಅರ್ಧ ಈ ಮಾತಿನಲ್ಲೇ ಇದೆ. ಹಳೆಯ ಚೀಲಗಳು ಉಳಿದದ್ದು ಬಣ್ಣದಿಂದಲ್ಲ, ಬಕಲಿನಿಂದಲೂ ಅಲ್ಲ. ಒಳಗೆ ಬಿಟ್ಟ ಬಟ್ಟೆ, ಭಾರ ಬೀಳುವಲ್ಲಿ ಕೊಟ್ಟ ಒತ್ತು, ಬಿಚ್ಚಿ ಮತ್ತೆ ಹೊಲಿಯಲು ಬರುವ ಜೋಡಣೆ, ಇವೇ ಕಾರಣ. ಈಗ ಮಾರಾಟವಾಗುವ "ಹಳೇ ಶೈಲಿ" ಬಹುತೇಕ ಹೊರಮೈಯ ಶೈಲಿ. ಹೊಸ ಬಟ್ಟೆಯನ್ನೇ ಕಲ್ಲಿನ ಜೊತೆ ತಿರುವಿ, ಅಂಚು ಸವೆಸಿ, ಬಣ್ಣ ಮಾಸಿಸಿ ಕೊಡುತ್ತಾರೆ. ಸವೆತಕ್ಕೆ ಮೊದಲು ಸಿಗುವುದು ಚೀಲದ ಅಂಚು ಮತ್ತು ಮಡಿಕೆ, ಮುಂದೆ ಹರಿಯುವುದೂ ಅಲ್ಲೇ. ಅಂದರೆ ಎರಡು ವರ್ಷದ ಆಯಸ್ಸನ್ನು ಮೊದಲೇ ತೆಗೆದು, ಅದಕ್ಕೂ ರೊಕ್ಕ ತೆಗೆದುಕೊಂಡ ಹಾಗೆ. ಹಳೆಯದರ ಚೆಲುವು ಬೇಕಿದ್ದರೆ ಹೊಸ ಚೀಲ ಕೊಂಡು ತಾನಾಗೇ ಹಳೆಯದಾಗಲು ಬಿಡುವುದೇ ಅಗ್ಗ.

ಬಟ್ಟೆಯ ತೂಕ

ಮಾರುವವರು ಔನ್ಸ್ ಲೆಕ್ಕ ಹೇಳುತ್ತಾರೆ, ಕೆಲವರು ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. ಒಂದು ಚದರ ಗಜಕ್ಕೆ 1 ಔನ್ಸ್ ಅಂದರೆ ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ 34 ಗ್ರಾಂ. 10 ಔನ್ಸಿನ ಬಟ್ಟೆ 340 ಜಿಎಸ್‌ಎಂ, ಇದು ಸಂತೆ ಚೀಲಕ್ಕೆ ಸರಿ. ಪುಸ್ತಕ, ಲ್ಯಾಪ್‌ಟಾಪ್, ಬುತ್ತಿ ಹೊರುವ 20ರಿಂದ 25 ಲೀಟರಿನ ಚೀಲಕ್ಕೆ 14ರಿಂದ 16 ಔನ್ಸ್, ಅಂದರೆ 475ರಿಂದ 540 ಜಿಎಸ್‌ಎಂ ಬೇಕು. 18 ಔನ್ಸ್ ದಾಟಿದರೆ ಖಾಲಿ ಚೀಲವೇ ಹೆಗಲಿಗೆ ಭಾರ. ಇನ್ನೊಂದು ಲೆಕ್ಕ ನಂಬರಿನದು, ಅದು ಉಲ್ಟಾ ಓಡುತ್ತದೆ: ನಂಬರು ಹೆಚ್ಚಿದಷ್ಟೂ ಬಟ್ಟೆ ಹಗುರ. 8ನೇ ನಂಬರಿನ ಡಕ್ ಬಟ್ಟೆ (ಬಿಗಿಯಾಗಿ ನೇಯ್ದ ದಪ್ಪ ಕ್ಯಾನ್ವಾಸ್) 18 ಔನ್ಸ್, 10ನೇ ನಂಬರು ಸುಮಾರು 15 ಔನ್ಸ್, 12ನೇ ನಂಬರು ಹನ್ನೊಂದೂವರೆ. "12 ನಂಬರ್ ಐತ್ರಿ, ಬಾಳ ಹೆವಿ" ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ನಡೆಯಬಹುದು.

ತೂಕ ಒಂದೇ ಇದ್ದರೂ ನೂಲು ಬೇರೆ ಇರಬಹುದು. ನಂಬರಿನ ಡಕ್ ಬಟ್ಟೆಯಲ್ಲಿ ಹಾಸು, ಹೊಕ್ಕು ಎರಡೂ ಹುರಿ ಮಾಡಿದ ನೂಲು, ಎರಡು ಅಥವಾ ಹೆಚ್ಚು ಎಳೆ ಸೇರಿಸಿ ತಿರುಚಿದ್ದು. ಅಗ್ಗದ ಬಟ್ಟೆಯಲ್ಲಿ ಒಂಟಿ ದಪ್ಪ ಎಳೆ. ಚೀಲದ ಒಳಗಿನ ಮಾರ್ಜಿನ್ನಿನಿಂದ ಒಂದು ಎಳೆ ಜಗ್ಗಿ ತೆಗೆದು, ಎರಡು ಬೆರಳಲ್ಲಿ ತಿರುಚಿಗೆ ವಿರುದ್ಧ ಬಿಚ್ಚಿ ನೋಡಿ. ಎರಡಾಗಿ ಒಡೆದರೆ ಹುರಿ ನೂಲು, ಅರಳೆಯಾಗಿ ಉದುರಿದರೆ ಒಂಟಿ ನೂಲು. ಅದೇ ಎಳೆಯನ್ನು ಕಡ್ಡಿ ಗೀರಿ ಸುಟ್ಟರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಶುದ್ಧ ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಇದ್ದರೆ ಮುದುಡಿ ಗಟ್ಟಿ ಕಪ್ಪು ಮಣಿಯಾಗಿ ನಿಲ್ಲುತ್ತದೆ. ಪಾಲಿಯೆಸ್ಟರ್ ಬೆರಕೆ ಅಂದ ಕೂಡಲೇ ಮೂಗು ಮುರಿಯಬೇಕಿಲ್ಲ. ಅದು ಬೇಗ ಒಣಗುತ್ತದೆ, ಬೂಷ್ಟು ಕಡಿಮೆ. ಆದರೆ ಹತ್ತಿಯ ಹಾಗೆ ನೀರು ಕುಡಿದು ಉಬ್ಬುವುದಿಲ್ಲ. ಬಿಗಿಯಾಗಿ ನೇಯ್ದ ಹತ್ತಿ ಕ್ಯಾನ್ವಾಸ್ ಮಳೆಯಲ್ಲಿ ಮೊದಲು ಸ್ವಲ್ಪ ನೆನೆಯುತ್ತದೆ, ಆಮೇಲೆ ನೂಲು ಉಬ್ಬಿ ಸಂದು ಮುಚ್ಚಿಕೊಂಡು ಒಳಗೆ ಹೋಗುವ ನೀರು ತಗ್ಗುತ್ತದೆ. ಹಳೇ ಕಾಲದ ಡೇರೆಗಳು ನಿಂತದ್ದು ಈ ಗುಣದ ಮೇಲೆ. ಹತ್ತಿ ನೂಲು ಹಸಿಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ ಅನ್ನುವುದೂ ನಿಜ. ಹಸಿಯಾಗಿ *ಉಳಿದರೆ* ಮಾತ್ರ ಕೆಡುತ್ತದೆ.

ಕೈಗೆ ಬಿರುಸಾಗಿ ಸಿಗುವುದೆಲ್ಲ ದಪ್ಪ ಬಟ್ಟೆಯಲ್ಲ. ಮಗ್ಗದಿಂದ ಇಳಿದ ಕ್ಯಾನ್ವಾಸಿನಲ್ಲಿ ಗಂಜಿ ಇರುತ್ತದೆ, ತೆಳು ಬಟ್ಟೆಗೆ ಇನ್ನೂ ಧಾರಾಳವಾಗಿ ಹಾಕಿರುತ್ತಾರೆ. ಮಾರ್ಜಿನ್ನಿನ ಮೇಲೆ ಒಂದು ಹನಿ ಟಿಂಕ್ಚರ್ ಅಯೋಡಿನ್ ಬಿಟ್ಟರೆ ಗಂಜಿ ಇದ್ದಲ್ಲಿ ನೀಲಿಗಪ್ಪಾಗುತ್ತದೆ. ಅಂಥ ಚೀಲ ಮೊದಲ ತೊಳೆತಕ್ಕೆ ಮೆತ್ತಗಾಗುವುದಷ್ಟೇ ಅಲ್ಲ, ಕುಗ್ಗಲೂಬಹುದು. ಮೊದಲೇ ಕುಗ್ಗಿಸದ ಬಟ್ಟೆ ನೂರಕ್ಕೆ ಐದರಿಂದ ಹತ್ತರವರೆಗೆ ಕುಗ್ಗಿದರೆ ಲ್ಯಾಪ್‌ಟಾಪ್ ಅರೆಯೊಳಗೆ ಲ್ಯಾಪ್‌ಟಾಪ್ ಹೋಗುವುದಿಲ್ಲ.

ಇಲ್ಲಿ ನಮ್ಮೂರಿನ ಒಂದು ಉದಾಹರಣೆ ಹೇಳದೆ ಮುಂದೆ ಹೋಗಲಾಗದು. ರಾಷ್ಟ್ರಧ್ವಜ ತಯಾರಾಗುವ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಎರಡು ಬಗೆಯ ಖಾದಿ ಬಳಸುತ್ತಾರೆ. ಧ್ವಜದ ಮೈಗೆ ಹಗುರವಾದ ಬಂಟಿಂಗ್, ಕಂಬದ ಕಡೆಯ ಪಟ್ಟಿಗೆ ದಪ್ಪನೆಯ ಡಕ್. ಗಾಳಿ ಮೈಯನ್ನು ಬಡಿದರೂ ಜಗ್ಗಾಟ ಬೀಳುವುದು ಹಗ್ಗ ಹಿಡಿಯುವ ಆ ಪಟ್ಟಿಯ ಮೇಲೆ, ಅದಕ್ಕೇ ದಪ್ಪ ಅಲ್ಲಿ. ಚೀಲಕ್ಕೂ ಇದೇ ನ್ಯಾಯ. ಮೈಯೆಲ್ಲ 18 ಔನ್ಸ್ ಹಾಕಿ ಪಟ್ಟಿಯ ಬುಡಕ್ಕೆ ಏನೂ ಕೊಡದ ಚೀಲಕ್ಕಿಂತ, 14 ಔನ್ಸಿನ ಮೈಗೆ ತಳದಲ್ಲಿ ಎರಡು ಪದರು, ಪಟ್ಟಿಯ ಬುಡದಲ್ಲಿ ಒಳಗಿನಿಂದ ಒಂದು ಒತ್ತುಬಟ್ಟೆ ಕೊಟ್ಟ ಚೀಲ ಹೆಚ್ಚು ದಿನ ಬಾಳುತ್ತದೆ, ಹಗುರವೂ ಹೌದು.

ಒಳಹೊರಗು ಮಾಡಿ ನೋಡುವಾಗ

ಮಾರ್ಜಿನ್ ಅರ್ಧ ಇಂಚಾದರೂ ಇರಲಿ, ಅಂದರೆ ಸುಮಾರು 13 ಮಿಲಿಮೀಟರ್. ಅಂಚಿಗೆ ಹತ್ತಿಯ ಪಟ್ಟಿ ಮಡಚಿ ಹೊಲಿದಿದ್ದರೆ ಒಳ್ಳೆಯದು. ಮದುವೆಮನೆಯಲ್ಲಿ ಹಂಚುವ ಕೈಚೀಲದಂಥ ಪ್ಲಾಸ್ಟಿಕ್ ಬಟ್ಟೆಯ ಪಟ್ಟಿಯಾದರೆ ಅದು ಒಂದೆರಡು ವರ್ಷಕ್ಕೆ ಪುಡಿಯಾಗಿ ಉದುರುತ್ತದೆ. ಹೊಲಿಗೆ ಇಂಚಿಗೆ ಆರರಿಂದ ಎಂಟು. ಹತ್ತಿರ ಹತ್ತಿರ ಹೊಲಿದರೆ ಗಟ್ಟಿ ಅನ್ನುವುದು ಅಂಗಿಯ ಲೆಕ್ಕ. ತೊಗಲಿನ ಮೇಲೆ ಇಂಚಿಗೆ ಹನ್ನೆರಡು ತೂತು ಹೊಡೆದರೆ ಅದು ಅಂಚೆಚೀಟಿಯ ಅಂಚಿನಂತೆ ಗೆರೆ ಹಿಡಿದು ಹರಿಯುತ್ತದೆ.

ದಾರದ ವಿಷಯದಲ್ಲಿ "ಅಸಲಿ ಹಳೇ ಮಾದರಿ, ಹತ್ತಿ ದಾರ" ಅನ್ನುವ ಜಾಹೀರಾತು ಬಂದರೆ ಅದು ಹೆಚ್ಚುಗಾರಿಕೆಯಲ್ಲ, ಕುಂದು. ಬೆವರು, ಬೂಷ್ಟು, ತಿಕ್ಕಾಟ ಮೂರಕ್ಕೂ ಹತ್ತಿ ದಾರ ಬಟ್ಟೆಗಿಂತ ಮೊದಲು ಸೋಲುತ್ತದೆ. ನೈಲಾನ್ ದಾರ ಗಟ್ಟಿ, ಆದರೆ ಬಿಸಿಲಿಗೆ ಪಾಲಿಯೆಸ್ಟರಿನಷ್ಟು ತಡೆಯುವುದಿಲ್ಲ. ಗದಗ, ರೋಣ, ನರಗುಂದದ ಬಿಸಿಲಿಗೆ ಪಾಲಿಯೆಸ್ಟರ್ ದಾರವೇ ಸರಿ. ದಾರದ ದಪ್ಪ ಅಳೆಯುವ ಟೆಕ್ಸ್ ಲೆಕ್ಕದಲ್ಲಿ 90ರಿಂದ 135 ಸಾಕು.

ಹೆಗಲಪಟ್ಟಿಯ ಮೇಲ್ತುದಿ ಹೊಲಿಗೆಯ ಸಂದಿನೊಳಗೆ ಹೊಕ್ಕು, ಅಲ್ಲಿಂದ ಕೆಳಗೆ ಚೌಕದೊಳಗೆ ಗುಣಾಕಾರ ಚಿಹ್ನೆಯ ಹೊಲಿಗೆ ಬಿದ್ದಿರಬೇಕು. ಬರೀ ಒಂದು ಅಡ್ಡ ಗೆರೆಯ ಹೊಲಿಗೆಯಾದರೆ ಭಾರವೆಲ್ಲ ಅದರ ಮೇಲೆ ಬಿದ್ದು, ಆ ಗೆರೆ ಒಂದು ತುದಿಯಿಂದ ಬಿಚ್ಚಿಕೊಳ್ಳಲು ಶುರುಮಾಡುತ್ತದೆ. ಹೊತ್ತ ತೂಕ ಆರು ಕಿಲೋ ಇದ್ದರೂ ಬಸ್ಸಿಗೆ ಓಡುವಾಗ, ಬೈಕು ಗುಂಡಿಗೆ ಇಳಿದಾಗ ಪಟ್ಟಿಗೆ ಕ್ಷಣಕಾಲ ಬೀಳುವ ಜಗ್ಗು ಅದಕ್ಕಿಂತ ಬಹಳ ಹೆಚ್ಚು. ರಿವಿಟ್ ಇದ್ದರೆ ಅದರ ಹಿಂದೆ ತೊಗಲಿನ ಬಿಲ್ಲೆ ಇದೆಯೇ ನೋಡಿ. ಬರೀ ಕ್ಯಾನ್ವಾಸಿಗೆ ಹೊಡೆದ ರಿವಿಟ್ ನೂಲನ್ನು ಕಡಿದೇ ಕೂತಿರುತ್ತದೆ, ಜಗ್ಗಿದಾಗ ತೂತು ದೊಡ್ಡದಾಗಿ ರಿವಿಟ್ ಬಟ್ಟೆಯ ಮೂಲಕ ಹೊರಗೆ ಬರುತ್ತದೆ.

ಬಕಲಿಗೆ ಅಯಸ್ಕಾಂತ ಹಿಡಿದರೆ ಕಬ್ಬಿಣವೋ ಅಲ್ಲವೋ ತಿಳಿಯುತ್ತದೆ. ಅಂಟಿದರೆ ಕಬ್ಬಿಣ, ಮಳೆಗಾಲದಲ್ಲಿ ತುಕ್ಕು ಇಳಿದು ಬಟ್ಟೆಗೆ ಕಲೆ. ಅಂಟದಿದ್ದರೆ ಹಿತ್ತಾಳೆಯೇ ಅಂತಲ್ಲ, ಸತುವಿನ ಅಚ್ಚಿಗೆ ಹಿತ್ತಾಳೆ ಮೆರುಗು ಕೊಟ್ಟದ್ದೂ ಅಂಟುವುದಿಲ್ಲ. ಒಳಬದಿಯಲ್ಲಿ ಸೂಜಿಯಿಂದ ಗೀರಿ ನೋಡಿ: ಕೆಳಗೂ ಹಳದಿ ಬಂದರೆ ಹಿತ್ತಾಳೆ, ಬೆಳ್ಳಗೆ ಕಂಡರೆ ಸತು. ಸತುವಿನ ಬಕಲು ಬಾಗುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಪಟ್ಟಿಯ ತೊಗಲಿನ ಕತ್ತರಿಸಿದ ಅಂಚು ನೋಡಿದರೆ ನಾರು ಕಾಣಬೇಕು. ಬಟ್ಟೆಯ ಮೇಲೆ ಹಾಳೆ ಅಂಟಿಸಿದಂತೆ ಪದರು ಪದರಾಗಿ ಕಂಡರೆ ಅದು ರೆಗ್ಝಿನ್ ಜಾತಿಯದು, ತೂತಿನ ಸುತ್ತ ಸಿಪ್ಪೆ ಏಳುವುದು ಖಂಡಿತ. ಅಸಲಿ ತೊಗಲಾದರೂ ತೀರ ತೆಳುವಾದರೆ ತೂತುಗಳು ಬೇಗ ಉದ್ದುದ್ದ ಆಗುತ್ತವೆ.

ಒಳಗೆ ರಬ್ಬರಿನಂತೆ ಮೆರುಗುವ ಲೇಪವಿದ್ದರೆ ಬೇಡ. ನೀರು ತಡೆಯುತ್ತದೆ ಅಂತ ಹೇಳಿ ಮಾರುವ ಪಾಲಿಯುರೆಥೇನ್ ಲೇಪ ಗಾಳಿಯ ತೇವಕ್ಕೆ ಒಡೆದು ಕೆಲವು ವರ್ಷಗಳಲ್ಲಿ ಜಿಗಟಾಗಿ, ಪುಸ್ತಕದ ರಟ್ಟಿಗೆ ಅಂಟಿ, ಸಿಪ್ಪೆಯಾಗಿ ಉದುರುತ್ತದೆ. ಇದಕ್ಕೆ ರಿಪೇರಿ ಇಲ್ಲ. ಅಸ್ತರಿಲ್ಲದ ಬರೀ ಕ್ಯಾನ್ವಾಸ್ ಚೀಲವೇ ಲೇಸು, ಹರಿದದ್ದೂ ಕಾಣುತ್ತದೆ, ಹೊಲಿಯಲೂ ಬರುತ್ತದೆ.

ಆಕಾರದ ಬಗ್ಗೆ ಎರಡೇ ಮಾತು. ಅಮೆರಿಕದ ಡುಲುತ್ ಊರಿನಲ್ಲಿ 1882ರಲ್ಲಿ ಪೇಟೆಂಟ್ ಆದ ಕ್ಯಾನ್ವಾಸ್ ಚೀಲ ಒಂದೇ ದೊಡ್ಡ ಹೊಟ್ಟೆಯದು, ದೋಣಿಯಲ್ಲಿ ಸಾಮಾನು ಸಾಗಿಸುವವರಿಗೆ ಅದು ಸರಿ. 1909ರಲ್ಲಿ ನಾರ್ವೆಯ ಓಲೆ ಬರ್ಗನ್ ಬೆನ್ನಿನ ಆಕಾರಕ್ಕೆ ಬಗ್ಗಿಸಿದ ಚೌಕಟ್ಟು ಸೇರಿಸಿ ಪೇಟೆಂಟ್ ಪಡೆದ, ಚೀಲ ಬೆನ್ನಿಗೆ ಜೋತುಬೀಳದಂತೆ. ಈಗಿನ ಹಳೇ ಶೈಲಿಯ ಚೀಲಗಳು ಮೊದಲನೆಯದರ ಮಕ್ಕಳು, ಚೌಕಟ್ಟಿಲ್ಲ. ಹಾಗಾಗಿ ಆರೇಳು ಕಿಲೋ ದಾಟಿದರೆ ಹೊಟ್ಟೆ ಹಿಂದಕ್ಕೆ ಜೋತು ಹೆಗಲು ಜಗ್ಗುತ್ತದೆ. ಭಾರದ ಪುಸ್ತಕ ಬೆನ್ನಿಗೆ ಅಂಟಿದಂತೆ, ಹಗುರದ್ದು ಹೊರಬದಿಗೆ. ಪಟ್ಟಿಯ ಅಗಲ ಎರಡು ಇಂಚಿಗೆ ಹತ್ತಿರ ಇರಲಿ. ಬರೀ ತೊಗಲಿನ ಒಂದಿಂಚಿನ ಪಟ್ಟಿ ಚಿತ್ರದಲ್ಲಿ ಚೆಂದ, ಹೆಗಲಿಗಲ್ಲ. ಲ್ಯಾಪ್‌ಟಾಪಿನ ಅರೆ ತಳದಿಂದ ಎರಡು ಬೆರಳು ಮೇಲೆ ನಿಂತಿರಬೇಕು, ಇಲ್ಲದಿದ್ದರೆ ಚೀಲ ನೆಲಕ್ಕಿಟ್ಟಾಗಲೆಲ್ಲ ಪೆಟ್ಟು ಅದಕ್ಕೇ.

ಎರೆಮಣ್ಣು, ಎಣಗಾಯಿ, ಆಷಾಢ

ಗದಗ–ನವಲಗುಂದದ ಕಡೆ ಎರೆಹೊಲದ ಮಣ್ಣು ಚೀಲಕ್ಕೆ ಹತ್ತಿದಾಗ ಕೈ ಮೊದಲು ಹೋಗುವುದು ನೀರಿಗೆ, ಅದೇ ತಪ್ಪು. ಎರೆಮಣ್ಣು ಬಲು ನುಣುಪು ಜೇಡಿ, ನೀರು ಕುಡಿದು ಉಬ್ಬುತ್ತದೆ. ಹಸಿ ಇದ್ದಾಗ ತಿಕ್ಕಿದರೆ ನೂಲಿನ ಒಳಗೇ ಇಳಿಯುತ್ತದೆ. ಪೂರ್ತಿ ಒಣಗಲು ಬಿಡಿ, ಬಿರಿದು ಹೆಪ್ಪಳಿಕೆಯಾಗಿ ಏಳುತ್ತದೆ. ಆಗ ಹಿಂಬದಿಯಿಂದ ತಟ್ಟಿ, ಒಣ ಬ್ರಷ್ಷಿನಿಂದ ನೂಲಿನ ದಿಕ್ಕಿಗೆ ಉಜ್ಜಿದರೆ ಮುಕ್ಕಾಲು ಪಾಲು ಹೋಗುತ್ತದೆ. ಕಪ್ಪತಗುಡ್ಡದ ಕಡೆಯ ಕೆಮ್ಮಣ್ಣಿನದು ಬೇರೆ ಕತೆ, ಅದರ ಕೆಂಪು ಕಬ್ಬಿಣದ್ದು. ತಿಳಿಬಣ್ಣದ ಬಟ್ಟೆಗೆ ಹತ್ತಿದರೆ ನೆರಳು ಉಳಿದೇ ಉಳಿಯುತ್ತದೆ, ಬ್ಲೀಚು ಸುರಿದು ಅದನ್ನು ತೆಗೆಯಲು ಹೋದವರು ಬಟ್ಟೆಯ ಬಲ ಕಳೆದುಕೊಂಡದ್ದೇ ಬಂತು.

ಬುತ್ತಿಯ ಡಬ್ಬಿಯಿಂದ ಎಣಗಾಯಿಯ ಎಣ್ಣೆ ಸೋರಿದರೆ ಕೂಡಲೇ ಕಡಲೆಹಿಟ್ಟು ಅಥವಾ ಪೌಡರು ಮೇಲೆ ಉದುರಿಸಿ ರಾತ್ರಿಯಿಡೀ ಬಿಡಬೇಕು, ಎಣ್ಣೆ ಅದರೊಳಗೆ ಏರುತ್ತದೆ. ಬೆಳಗ್ಗೆ ಜಾಡಿಸಿ, ಪಾತ್ರೆ ತೊಳೆಯುವ ಸೋಪಿನ ನೀರು ಎರಡು ಹನಿ ಹಚ್ಚಿ ಒರೆಸಿ. ಅರಿಸಿನದ ಹಳದಿ ಬಿಸಿಲಿಗೆ ತಾನೇ ಮಾಸುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪೂ ಬಿಸಿಲಿಗೆ ತಗ್ಗುತ್ತದೆ, ಆದರೆ ಅದರ ಜೊತೆ ಬಂದ ಎಣ್ಣೆ ಮೊದಲು ಹೋಗಬೇಕು.

ಇಡೀ ಚೀಲ ತೊಳೆಯುವುದು ವರ್ಷಕ್ಕೊಮ್ಮೆ ಸಾಕು, ಅದೂ ಬಿಸಿಲು ಗಟ್ಟಿಯಾಗಿರುವ ಫೆಬ್ರವರಿ–ಮಾರ್ಚಿನಲ್ಲಿ. ಹತ್ತು ಲೀಟರ್ ತಣ್ಣೀರಿಗೆ ಒಂದು ಚಮಚ ಸೌಮ್ಯ ಸೋಪಿನ ದ್ರವ. ಅಂಟುವಾಳದ ನೀರೂ ನಡೆಯುತ್ತದೆ, ತಿಳಿಬಣ್ಣದ ಬಟ್ಟೆಗೆ ಮಾತ್ರ ಕಂದು ಛಾಯೆ ಬರಬಹುದು. ಬಿಚ್ಚಲು ಬರುವ ತೊಗಲಿನ ಪಟ್ಟಿ ಬಿಚ್ಚಿಡಿ. ಹತ್ತು ನಿಮಿಷಕ್ಕಿಂತ ಹೆಚ್ಚು ನೆನೆಹಾಕಬೇಡಿ, ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ಸೋಪಿನ ಜಾರು ಹೋಗುವವರೆಗೆ ನೀರು ಬದಲಿಸಿ. ಹಿಂಡಬಾರದು: ದಪ್ಪ ಕ್ಯಾನ್ವಾಸ್ ಹಿಂಡಿದರೆ ಬೀಳುವ ಮಡಿಕೆಯ ಗೆರೆ ಮತ್ತೆ ಹೋಗುವುದಿಲ್ಲ, ಬಣ್ಣ ಮೊದಲು ಮಾಸುವುದೂ ಆ ಗೆರೆಯಲ್ಲೇ. ಒಳಹೊರಗು ಮಾಡಿ, ತಳ ಮೇಲಾಗಿ ತೂಗುಹಾಕಿ, ಗಾಳಿಯಾಡುವ ನೆರಳಿನಲ್ಲಿ ಎರಡು ದಿನ. ಮೇಲೆ ಒಣಗಿದಂತೆ ಕಂಡರೂ ಪಟ್ಟಿಯ ಬುಡ, ತಳದ ಜೋಡಿ ಪದರು, ಹೆಗಲಪಟ್ಟಿಯೊಳಗಿನ ಸ್ಪಂಜು ಹಸಿಯೇ ಇರುತ್ತವೆ.

ಧಾರವಾಡ ಅರೆಮಲೆನಾಡು. ಆಷಾಢ, ಶ್ರಾವಣದಲ್ಲಿ ಮಳೆ ಹೊಡೆಯುವುದಕ್ಕಿಂತ ಜಿನುಗುವುದೇ ಹೆಚ್ಚು, ವಾರಗಟ್ಟಲೆ ಬಿಸಿಲಿಲ್ಲ. ಕ್ಯಾನ್ವಾಸಿಗೆ ಜಡಿಮಳೆಗಿಂತ ಈ ತೇವವೇ ಹಗೆ. ಹಸಿ ಚೀಲ ಮೂಲೆಯಲ್ಲಿ ಮುದ್ದೆಯಾಗಿ ಎರಡು ಮೂರು ದಿನ ಬಿದ್ದರೆ ಬೂಷ್ಟು ಖಂಡಿತ. ಶುರುವಾಗುವುದು ಹೆಚ್ಚಾಗಿ ಬೆನ್ನಿಗೆ ತಾಗುವ ಬದಿಯಲ್ಲಿ, ಹೆಗಲಪಟ್ಟಿಯಲ್ಲಿ. ಕಾರಣ ಬೇಸಿಗೆಯ ಬೆವರು: ಉಪ್ಪು ನೂಲಿನಲ್ಲಿ ಉಳಿದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ವಾರಕ್ಕೊಮ್ಮೆ ಬೆನ್ನಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದವರಿಗೆ ಜುಲೈನಲ್ಲಿ ಕಾಟ ಕಡಿಮೆ.

ಬೂಷ್ಟು ಬಂದ ಮೇಲೆ ಮನೆಯ ಹೊರಗೆ ಒಯ್ದು, ಒಣಗಿಸಿ, ಆಮೇಲೆ ಬ್ರಷ್ ಹಾಕಿ. ಒಂದು ಪಾಲು ಬಿಳಿ ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ ಹಚ್ಚಿ, ಅರ್ಧ ತಾಸು ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಿ. ಹುಳಿ ನೂಲಿನಲ್ಲಿ ಉಳಿಯಬಾರದು, ಉಳಿದರೆ ಹತ್ತಿ ನಿಧಾನಕ್ಕೆ ಬಲ ಕಳೆದುಕೊಳ್ಳುತ್ತದೆ. ವಾಸನೆ ಹೋಗುತ್ತದೆ, ಕರಿ ಚುಕ್ಕೆ ಹೋಗುವುದಿಲ್ಲ, ಬಣ್ಣ ನೂಲಿನೊಳಗೆ ಇಳಿದಿರುತ್ತದೆ. ಬಕಲಿನ ಹಸಿರು ಕಿಲುಬಿಗೂ ಈ ಎಚ್ಚರ ಬೇಕು. ಹುಣಸೆಹಣ್ಣು–ಉಪ್ಪು ಹಚ್ಚಿ ತಿಕ್ಕಿದರೆ ಹಿತ್ತಾಳೆ ಫಳಫಳ ಅನ್ನುತ್ತದೆ ನಿಜ, ಆದರೆ ಬಕಲಿನ ಕೆಳಗೆ ಪ್ಲಾಸ್ಟಿಕ್ ಹಾಳೆ ತೂರಿಸಿ ತಿಕ್ಕಿ, ರಸ ಬಟ್ಟೆಗೂ ತೊಗಲಿಗೂ ಇಳಿಯದಂತೆ.

ಇಡುವುದು ತೂಗುಹಾಕಿ, ಬಾಯಿ ತೆರೆದು, ಗೋಡೆಗೆ ತಾಗದಂತೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರೆ ಒಳಗಿನ ತೇವ ಒಳಗೇ. ಡಾಂಬರ್ ಗುಳಿಗೆ ಹುಳಕ್ಕೆ, ಬೂಷ್ಟಿಗಲ್ಲ.

ಮೇಣ ಹಾಕುವುದಾದರೆ

ಮೇಣ ಹಾಕಿದ ಕ್ಯಾನ್ವಾಸಿನ ಹುಚ್ಚು ತಣ್ಣನೆಯ ದೇಶಗಳಿಂದ ಬಂದದ್ದು. ನಮ್ಮಲ್ಲಿ ಕಣ್ಣು ಮುಚ್ಚಿ ಹಾಕಿದರೆ ಫಜೀತಿ. ಜೇನುಮೇಣ ಕರಗುವುದು 62–64 ಡಿಗ್ರಿಗೆ, ಪ್ಯಾರಾಫಿನ್, ಅಂದರೆ ಮೇಣದಬತ್ತಿಯ ಮೇಣ, ದರ್ಜೆಯ ಮೇಲೆ ಬಹುತೇಕ ಅದಕ್ಕೂ ಮೊದಲೇ. ಏಪ್ರಿಲ್ಲಿನಲ್ಲಿ ಗದಗದ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಿನ ಶಾಖ 60 ದಾಟುತ್ತದೆ. ಅಲ್ಲಿಟ್ಟ ಚೀಲದ ಮೇಣ ನೋಟ್‌ಬುಕ್ಕಿಗೆ ಇಳಿಯುತ್ತದೆ. ಬೆನ್ನಬದಿಗೆ ಮೇಣ ಹಾಕಿದರೆ ಬಿಳಿ ಅಂಗಿಗೆ ಕಲೆ, ಮೇಲಾಗಿ ಗಾಳಿಯಾಡದೆ ಬೆವರು. ಇಲ್ಲಿನ ಹವೆಗೆ ಮುಚ್ಚಳ, ತಳ, ತಳದಿಂದ ನಾಲ್ಕು ಬೆರಳು ಮೇಲಿನವರೆಗೆ, ಇಷ್ಟಕ್ಕೆ ಹಾಕಿದರೆ ಸಾಕು.

ಒಂದು ಪಾಲು ಜೇನುಮೇಣ, ಎರಡು ಪಾಲು ಪ್ಯಾರಾಫಿನ್. ಬರೀ ಮೇಣದಬತ್ತಿಯಾದರೆ ಮಡಿಕೆಯಲ್ಲಿ ಬೆಳ್ಳಗೆ ಬಿರುಕು ಬೀಳುತ್ತದೆ, ಬರೀ ಜೇನುಮೇಣ ಅಂಟಂಟು, ಧೂಳು ಹಿಡಿಯುತ್ತದೆ. 25 ಲೀಟರಿನ ಚೀಲದ ಮುಚ್ಚಳ, ತಳಕ್ಕೆ ಎಲ್ಲ ಸೇರಿ 60ರಿಂದ 80 ಗ್ರಾಂ ಹಿಡಿಯುತ್ತದೆ. ಬೋಗುಣಿಯ ನೀರಿನೊಳಗೆ ಡಬ್ಬಿ ಇಟ್ಟು ಕರಗಿಸಿ, ಮೇಣದ ಡಬ್ಬಿ ನೇರ ಉರಿಯ ಮೇಲೆ ಎಂದೂ ಬೇಡ. ಅಚ್ಚಿಗೆ ಸುರಿದು ಸೋಪಿನ ಬಿಲ್ಲೆಯಷ್ಟು ಗಟ್ಟಿ ಮಾಡಿಕೊಂಡು, ಶುದ್ಧವಾಗಿ ಒಣಗಿದ ಬಟ್ಟೆಗೆ ಒತ್ತಿ ಉಜ್ಜಿ. ಹೇರ್ ಡ್ರೈಯರಿನಿಂದ ಬಿಸಿಮಾಡಿದರೆ ಬಿಳಿ ಗೆರೆ ಕರಗಿ ಬಟ್ಟೆ ಕಪ್ಪೇರುತ್ತದೆ, ನೂಲು ಮೇಣ ಕುಡಿಯಿತು ಅಂತ ಅರ್ಥ. ಇಸ್ತ್ರಿ ಪೆಟ್ಟಿಗೆಯಾದರೆ ನಡುವೆ ದಪ್ಪ ಕಾಗದ ಇರಲಿ. ಹೊಲಿಗೆಯ ಗೆರೆಗೆ ಎರಡು ಸಲ, ನೀರು ಒಳಬರುವುದು ಸೂಜಿಯ ತೂತಿನಿಂದಲೇ. ಒಂದು ಇಡೀ ದಿನ ತೂಗುಹಾಕಿ ಆಮೇಲೆ ಬಳಸಿ. ಮುಂದೆ ಈ ಚೀಲಕ್ಕೆ ಸೋಪು, ಬಿಸಿನೀರು, ವಾಶಿಂಗ್ ಮಷಿನ್ ಮೂರೂ ವರ್ಜ್ಯ. ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು.

ಅಗಸಿ ಎಣ್ಣೆ ಬಳಿಯುವ ಸಲಹೆಯೂ ಅಲ್ಲಲ್ಲಿ ಕೇಳಿಬರುತ್ತದೆ, ಹಳೇ ಹಾಯಿಬಟ್ಟೆಗೆ ಹಾಗೆ ಮಾಡುತ್ತಿದ್ದರು ಅಂತ. ಮಾಡುತ್ತಿದ್ದರು, ಹೌದು. ಆದರೆ ಅಗಸಿ ಎಣ್ಣೆ ಒಣಗುವುದು ಗಾಳಿಯ ಜೊತೆ ಸೇರಿ, ಸೇರುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಹಚ್ಚಿದ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತಾನೇ ಹೊತ್ತಿಕೊಳ್ಳುವಷ್ಟು. ಒಣಗಿದ ಮೇಲೆ ಗಡುಸಾಗಿ ಮಡಿಕೆಯಲ್ಲಿ ಸೀಳುತ್ತದೆ. ಅಗಸಿ ಚಟ್ನಿಗೇ ಇರಲಿ. ಕುಸುಬಿ ಎಣ್ಣೆಯೂ ಗಾಳಿಗೆ ಜಿಗಟಾಗುವ ಜಾತಿಯದೇ, ತೊಗಲಿನ ಪಟ್ಟಿಗೂ ಬೇಡ. ತೊಗಲಿಗೆ ವರ್ಷಕ್ಕೆರಡು ಸಲ ಜೇನುಮೇಣದ ಲೆದರ್ ಕ್ರೀಮು ಕಡಲೆಯಷ್ಟು ತೆಗೆದುಕೊಂಡು ತಿಕ್ಕಿದರೆ ಧಾರಾಳ. ಹೆಚ್ಚಾದರೆ ತೊಗಲು ಸಡಿಲಾಗಿ ತೂತು ಹಿಗ್ಗುತ್ತದೆ.

ಹೊಲಿಸಲು ಒಯ್ದಾಗ

ಮನೆಯ ಹೊಲಿಗೆ ಮಷಿನ್ನು 16 ಅಥವಾ 18ನೇ ನಂಬರಿನ ಸೂಜಿ ಹಾಕಿದರೆ 12 ಔನ್ಸಿನ ಎರಡು ಪದರು ನುಂಗುತ್ತದೆ. ಪಟ್ಟಿಯ ಬುಡದಲ್ಲಿ ನಾಲ್ಕಾರು ಪದರು ಇರುತ್ತದೆ, ಅಲ್ಲಿ ಸೂಜಿ ಮುರಿಯುವುದಷ್ಟೇ. ಅದಕ್ಕೆ ತಾಡಪತ್ರಿ ಅಂಗಡಿಯ ಮಷಿನ್ನೇ ಬೇಕು, ಇಲ್ಲವೇ ದಬ್ಬಣ ಮತ್ತು ಮೇಣ ಎಳೆದ ದಾರ. ತೊಗಲಿನ ಮೇಲೆ ಕೈಹೊಲಿಗೆ ಹಾಕುವಾಗ ಹಳೆಯ ತೂತುಗಳಲ್ಲೇ ಹಾಯಿಸಿ, ಹೊಸ ತೂತು ಬೇಡ.

ಕಾಲಿಂಚಿನ ಮಾರ್ಜಿನ್ನಿನ ಚೀಲಕ್ಕೆ ಅದೇ ಗೆರೆಯ ಮೇಲೆ ಮತ್ತೊಮ್ಮೆ ಹೊಲಿಗೆ ಓಡಿಸುವುದು ಕೆಲಸವಲ್ಲ, ಮುಂದಿನ ತಿಂಗಳು ಮತ್ತೆ ಜಾರುತ್ತದೆ. ಆ ಹುಡುಗಿಯ ಚೀಲಕ್ಕೆ ಕಾಕಾ ಮಾಡಿದ್ದು ಬೇರೆ. ಮೇಲಂಚಿನ ಹೊಲಿಗೆಯನ್ನು ಒಂದು ಗೇಣಿನಷ್ಟು ಪೂರ್ತಿ ಬಿಚ್ಚಿದರು. ಜೂಲಾದ ಎಳೆ ಕತ್ತರಿಸಿ, ಒಳಗಿನಿಂದ ಮೂರು ಇಂಚು ಅಗಲದ ಹಳೇ ತಾಡಪತ್ರಿಯ ತುಂಡನ್ನು ಹಾಸು–ಹೊಕ್ಕು ಚೀಲದ ಬಟ್ಟೆಗೆ ಹೊಂದುವಂತೆ ಇಟ್ಟು, ಮೂಲೆ ದುಂಡಗೆ ಕತ್ತರಿಸಿ, ಸುತ್ತ ಎರಡು ಸಾಲು ಹೊಲಿದರು. ಆಮೇಲೆ ಹೆಗಲಪಟ್ಟಿಯ ತುದಿಯನ್ನು ಆ ತುಂಡಿನ ಮೇಲೆ ಎರಡಿಂಚು ಕೆಳಗೆ ಇಳಿಸಿ ಚೌಕದ ಹೊಲಿಗೆ ಹಾಕಿದರು. ಈಗ ಜಗ್ಗು ಬೀಳುವುದು ಅಂಚಿನ ಮೇಲಲ್ಲ, ಮೂರಿಂಚು ಬಟ್ಟೆಯ ಮೇಲೆ. "ಚೂಪು ಮೂಲಿ ಬಿಟ್ರ ಅಲ್ಲಿಂದನ ಏಳತೈತವಾ" ಅಂದರು, ಕತ್ತರಿಯಿಂದ ಮೂಲೆ ತಿರುಗಿಸುತ್ತಲೇ. ಹೊಲಿಯಲು ಕೊಡುವಾಗ ಇಷ್ಟು ಕೇಳಿಕೊಳ್ಳಬೇಕು: ದಾರ ಪಾಲಿಯೆಸ್ಟರಿನದೇ, ಒಳಗೆ ತುಂಡು ಹಾಕುತ್ತೀರಾ, ಮಾರ್ಜಿನ್ ಕತ್ತರಿಸುವುದಿಲ್ಲ ತಾನೆ?

ತೇಪೆಗೆ ಹೊಸ ಕ್ಯಾನ್ವಾಸ್ ತಂದುಕೊಡುವವರು ಅದನ್ನು ಎರಡು ಸಲ ತೊಳೆದು ಕುಗ್ಗಿಸಿ ಕೊಡಬೇಕು. ಇಲ್ಲದಿದ್ದರೆ ಮುಂದಿನ ತೊಳೆತಕ್ಕೆ ತೇಪೆ ಕುಗ್ಗಿ ಸುತ್ತಲಿನ ಬಟ್ಟೆಯನ್ನು ನೆರಿಗೆ ಹಿಡಿದು ಜಗ್ಗುತ್ತದೆ. ಚೀಲ ಇನ್ನು ಹೊಲಿಯಲಾರದ ಸ್ಥಿತಿಗೆ ಬಂದಾಗ ಬಕಲು, ತೊಗಲಿನ ಪಟ್ಟಿ, ಐಲೆಟ್ ಎಲ್ಲ ಬಿಚ್ಚಿಟ್ಟುಕೊಳ್ಳಿ, ಮುಚ್ಚಳದ ಮತ್ತು ಅಡ್ಡಬದಿಯ ಬಟ್ಟೆಯನ್ನು ಹೊಲಿಗೆಗುಂಟ ಕತ್ತರಿಸಿ ಸುತ್ತಿಡಿ. ಅದು ಕುಗ್ಗುವಷ್ಟು ಕುಗ್ಗಿದೆ, ಮಾಸುವಷ್ಟು ಮಾಸಿದೆ. ಮುಂದಿನ ಚೀಲದ ತೇಪೆಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಪೇಟೆಯಲ್ಲಿ ಸಿಗುವುದಿಲ್ಲ.